ಗಚ್ಚಿ ಸಾಲಲಿಲ್ಲ, ಕೆಲಸ ನಿಲ್ಲಲಿಲ್ಲ

"ಏನಾರ ಒಂದು ಧಂಧೆ ಮಾಡಬೇಕು ಅನಸ್ತೈತಿ ವೈನಿ, ಆದ್ರ ಜಾಗಾ ಎಲ್ಲಿ ಐತ್ರಿ?" ನಮ್ಮ ಓಣಿಯೊಳಗ ಈ ಮಾತು ಆಡದ ಹೆಣ್ಮಗಳು ಇಲ್ಲ. ಶೇಂಗಾ ಚಟ್ನಿ ಕುಟ್ಟಿ ಮಾರಬೇಕು ಅನ್ನಾಕಿಗೂ ಇದ ಚಿಂತಿ, ಬ್ಲೌಸ್ ಹೊಲಿಯಾಕಿಗೂ ಇದ ಚಿಂತಿ. ಅದಕ್ಕ ಇವತ್ತ ಲಿಜ್ಜತ್ ಪಾಪಡದ ಚರಿತ್ರೆ ಬರದೇನಿ. ಆ ಹಪ್ಪಳ ನಾವು ಸುಟ್ಟೂ ತಿಂದೀವಿ, ಕರದೂ ತಿಂದೀವಿ. ಆದ್ರ ಅದರ ಚರಿತ್ರೆಯೊಳಗ ಅರ್ಧ ಜಾಗಾದ್ದ ಕಥಿ ಐತಿ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ.

ಮುಂಬೈಯೊಳಗ ಗಿರಗಾಂವ ಅಂದ್ರ ಹಳೆ ಭಾಗ. ಚಾಳಗೋಳು, ಹಳೆ ಕಟ್ಟಡಗೋಳು, ಒಂದಕ್ಕೊಂದು ಅಂಟಿಕೊಂಡ ಮನಿಗೋಳು. ಅಲ್ಲಿ ಲೋಹಾಣಾ ನಿವಾಸ ಅಂತ ಐದು ಕಟ್ಟಡದ ಒಂದು ವಸತಿ. 1959ರ ಮಾರ್ಚ್ 15ಕ್ಕ ಅಲ್ಲಿಯ ಏಳು ಮಂದಿ ಗುಜರಾತಿ ಹೆಣ್ಮಕ್ಕಳು ಗಚ್ಚಿ ಮ್ಯಾಲ ಕೂಡಿ ಹಪ್ಪಳ ಮಾಡಿದ್ರು. ಅವರೊಳಗ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಾಗ ಪದ್ಮಶ್ರೀ ಸಿಕ್ಕಿತು. ಅವತ್ತ ಕೈಯಾಗ ಇದ್ದ ಬಂಡವಾಳ ಅಂದ್ರ, ಛಗನಲಾಲ ಪಾರೇಖ ಅನ್ನೋ ಸಮಾಜಸೇವಕರ ಕಡೆಯಿಂದ ಸಾಲಾ ತಗೊಂಡ 80 ರೂಪಾಯಿ. ಮೊದಲನೇ ದಿನ ಆದದ್ದು ಬರೇ ನಾಲ್ಕು ಪ್ಯಾಕೆಟ್.

80 ರೂಪಾಯಿದಾಗ ಬಾಡಗಿ ಖೋಲಿ ಹಿಡಿದ್ರ ಉದ್ದಿನ ಹಿಟ್ಟಿಗೆ ಏನು ಉಳೀತಿತ್ತು ಹೇಳ್ರಿ? ತಮ್ಮ ಕಟ್ಟಡದ ಗಚ್ಚಿ ಐತಿ, ಮ್ಯಾಲ ಬಿಸಲು ಐತಿ. ಹಪ್ಪಳಕ್ಕ ಬೇಕಾದದ್ದೂ ಅದ. ಮುರದ ಹಪ್ಪಳ ಮಾರತಿರಲಿಲ್ಲ, ನೆರಮನಿಯವರಿಗೆ ಹಂಚತಿದ್ರು. ಮೂರು ತಿಂಗಳೊಳಗ ಸುಮಾರು 25 ಮಂದಿ ಆದ್ರು. ಮೊದಲನೇ ವರ್ಷದ ಮಾರಾಟ 6,196 ರೂಪಾಯಿ.

ಆದ್ರ ಆ ಮೊದಲನೇ ವರ್ಷನ ಒಂದು ದೊಡ್ಡ ಪೆಟ್ಟು ಬಿತ್ತು. ಮುಂಬೈ ಮಳಿ ನಿಮಗ ಗೊತ್ತಲ್ಲ. ಗಚ್ಚಿ ಮ್ಯಾಲ ಹಪ್ಪಳ ಒಣಗಸೂದು ಹೆಂಗ? ನಾಲ್ಕು ತಿಂಗಳು ಕೆಲಸನ ಬಂದ್. ಮರುವರ್ಷ ಅವರೇನು ಮಾಡಿದ್ರು ಅಂದ್ರ, ಒಂದು ಕಾಟು ತಂದ್ರು, ಒಂದು ಸ್ಟೋ ತಂದ್ರು. ಹಪ್ಪಳ ಕಾಟಿನ ಮ್ಯಾಲ ಹರವಿದ್ರು, ಕೆಳಗ ಸ್ಟೋ ಹಚ್ಚಿಟ್ರು. ಆ ಕಾವಿಗೆ ಹಪ್ಪಳ ಒಣಗಿದ್ವು. ಗಚ್ಚಿ ಮಾಡೋ ಕೆಲಸ ಒಂದು ಕಾಟು ಮಾಡಿತು. ನಾವು ದಿನಾ ಮಲಗೋ ಕಾಟಿನ ಕೆಳಗ ಏನಿರತೈತಿ? ಹಳೆ ಟ್ರಂಕು, ಹರದ ಚೀಲ!

ಎರಡನೇ ವರ್ಷಕ್ಕ ನೂರು-ನೂರೈವತ್ತು ಮಂದಿ, ಮೂರನೇ ವರ್ಷ ಮುಗಿಯೋದರೊಳಗ ಮುನ್ನೂರಕ್ಕಿಂತ ಹೆಚ್ಚು ಮಂದಿ ಆದ್ರು. ಈಗ ಗಚ್ಚಿ ಪೂರ್ತಿ ಸಾಲದಾತು. ಮಂದಿಗೂ ಜಾಗಾ ಇಲ್ಲ, ಸಾಮಾನಿಗೂ ಜಾಗಾ ಇಲ್ಲ. ಬ್ಯಾರೆ ಯಾರರ ಆಗಿದ್ರ ಎರಡೇ ದಾರಿ: ದೊಡ್ಡ ಜಾಗಾ ಹಿಡಿಯೋದು, ಇಲ್ಲಾ 'ಇನ್ನ ಬರಬ್ಯಾಡ್ರಿ' ಅನ್ನೋದು. ಇವರು ಮೂರನೇದ್ದು ಹುಡುಕಿದ್ರು. ಹಿಟ್ಟು ಒಂದ ಕಡೆ ನಾದಿ, ತೂಕಾ ಮಾಡಿ, ಮನಿಗೆ ಒಯ್ಯಾಕ ಕೊಟ್ಟರು. ಲಟ್ಟಸೂದು, ಒಣಗಸೂದು ಅವರವರ ಮನಿಯೊಳಗ. ಮರುದಿನ ಹಪ್ಪಳ ತಂದು ಒಪ್ಪಿಸೋದು, ಹೊಸ ಹಿಟ್ಟು ಒಯ್ಯೋದು.

ಇದನ್ನ ಸ್ವಲ್ಪ ಕೂತು ವಿಚಾರ ಮಾಡ್ರಿ. ರುಚಿ ಹಿಟ್ಟಿನೊಳಗ ಇರತೈತಿ. ಉಪ್ಪು, ಮೆಣಸು, ಇಂಗು ಅಳತಿ ತಪ್ಪಬಾರದು ಅಂತ ನಾದೂದನ್ನ ಒಂದ ಸೂರಿನ ಕೆಳಗ ಇಟ್ಟರು. ಪರೀಕ್ಷಾ ಮಾಡೋದು, ಪ್ಯಾಕ್ ಮಾಡೋದೂ ಅಲ್ಲೇ. ಎಲ್ಲಾಕಿಂತ ಹೆಚ್ಚು ಜಾಗಾ ತಿನ್ನೋದು ಲಟ್ಟಸೂದು ಮತ್ತ ಒಣಗಸೂದು. ಅದನ್ನ ಮುನ್ನೂರು ಮನಿಗೆ ಹಂಚಿಬಿಟ್ಟರು. ಜಾಗಾ ಸಣ್ಣದಾದಾಗ 'ಯಾವ ಕೆಲಸ ಇಲ್ಲೇ ಆಗಬೇಕು, ಯಾವದು ಬ್ಯಾರೆ ಕಡೆ ಆದ್ರೂ ನಡೀತೈತಿ' ಅಂತ ಕೇಳಿಕೊಂಡ್ರು ನೋಡ್ರಿ, ಅದ ಅವರ ಶಾಣ್ಯಾತನ. 1966ರಾಗ ಸಂಸ್ಥಾ ನೋಂದಣಿ ಆತು. ಇವತ್ತ ನಲವತ್ತು ಸಾವಿರಕ್ಕಿಂತ ಹೆಚ್ಚು ಹೆಣ್ಮಕ್ಕಳು ಅದರೊಳಗ ಅದಾರ, ಪದ್ಧತಿ ಮಾತ್ರ ಅದ.

ಮನಿಯೊಳಗ ಜಾಗಾನ ಇಲ್ಲದಾಕಿ ಏನು ಮಾಡಬೇಕು? ಹೊಸಬರು ಸೇರುವಾಗ ಮನಿ ನೋಡತಾರ. ಹಪ್ಪಳ ಲಟ್ಟಸಾಕ, ಒಣಗಸಾಕ ಸ್ವಚ್ಛ ಜಾಗಾ ಐತೋ ಇಲ್ಲೋ ಅಂತ. ಇಲ್ಲಂದ್ರ ಆಕಿನ್ನ ವಾಪಸ್ ಕಳಿಸೂದಿಲ್ಲ. ಹಿಟ್ಟು ನಾದೂದು, ಪ್ಯಾಕ್ ಮಾಡೋದು ಅಂಥಾ ಕೆಲಸ ಶಾಖಾದೊಳಗ ಕೊಡತಾರ. ಒಂದ ಖೋಲಿ ಮನಿಯಾಕಿಗೂ ದಾರಿ ಇಟ್ಟಾರ, ಇದು ನನ್ನ ಮನಸ್ಸಿಗೆ ಭಾಳ ಹಿಡಿಸಿತು.

ಆದ್ರ ಇನ್ನೊಂದು ಮಾತೂ ಹೇಳಬೇಕು. ಕೆಲಸ ಮನಿಗೆ ಬಂತು ಅಂದ್ರ ಬಾಡಗಿ ಮಾಯ ಆಗೂದಿಲ್ಲ, ಅದು ನಮ್ಮ ಪಡಸಾಲಿ ಮ್ಯಾಲ ಬಂದು ಕೂಡತೈತಿ. ಹುಡುಗರು ಓದೋ ಮೂಲಿ ಹೋಗತೈತಿ, ಅತ್ತಿಯವರು ಕೂಡೋ ಜಾಗಾ ಹೋಗತೈತಿ. ಲಿಜ್ಜತ್‌ದೊಳಗ ಅದು ನ್ಯಾಯ ಅನಸೋದು ಯಾಕಂದ್ರ, ಅಲ್ಲಿ ಲಟ್ಟಸಾಕೀನ ಮಾಲಕಳೂ ಹೌದು. ಕೂಲಿ ಬ್ಯಾರೆ, ಲಾಭದೊಳಗ ಪಾಲು ಬ್ಯಾರೆ. ನಿಮ್ಮ ಮನಿ ಮೂಲಿ ಬಳಸಿ ಯಾರರ ಬರೇ ಡಜನ್‌ಗೆ ಇಷ್ಟು ಅಂತ ರೊಕ್ಕ ಕೊಟ್ಟು ಕೆಲಸಾ ಮಾಡಸಕೊಂಡ್ರ, ಆ ಮೂಲಿಯ ಬಾಡಗಿ ನೀವ ತುಂಬಿದಂಗ. ಕರೆಂಟು, ಗ್ಯಾಸು, ಜಾಗಾ ಮೂರನ್ನೂ ಲೆಕ್ಕಕ್ಕ ಹಿಡದು ಆಮ್ಯಾಲ ರೇಟ್ ಹೇಳ್ರಿ.

ಚಟ್ನಿ ಮಾಡಾಕಿ ಹುರಿಯೋದು, ಕುಟ್ಟೋದು ಅಡಗಿಮನಿಯೊಳಗ ಮಧ್ಯಾಹ್ನ ಮುಗಿಸಿದ್ರ, ತೂಕಾ, ಪ್ಯಾಕಿಂಗ್ ಸಂಜೀಕ ಅದ ಕಟ್ಟಿ ಮ್ಯಾಲ ಆಗತೈತಿ. ಹೊಲಿಗಿಯಾಕಿ ಕಾಜಾ-ಗುಂಡಿ ಕೆಲಸಾನ ನೆರಮನಿಯಾಕಿಗೆ ಕೊಟ್ಟು ಪಾಲು ಕೊಟ್ರ, ಮಶೀನ್ ಇಡೋವಷ್ಟು ಜಾಗಾನ ಸಾಕು. 'ಜಾಗಾ ಇಲ್ಲ' ಅನ್ನೋಕಿಂತ ಮೊದಲ ಒಂದು ಹಾಳಿ ತಗೊಂಡು ನಿಮ್ಮ ಕೆಲಸದ ಹಂತ ಒಂದೊಂದಾಗಿ ಬರೀರಿ. ಯಾವದಕ್ಕ ಎಷ್ಟು ಜಾಗಾ, ಎಷ್ಟೊತ್ತು ಬೇಕು ಅಂತ ಬಾಜೂಕ ಬರೀರಿ. ಖೋಲಿ ಹುಡುಕೋದು ಅದರ ನಂತರದ ಮಾತು.