ನಲಿಕೆ

ಕನ್ನಡದಲ್ಲಿ ‘ನಲಿ’ ಎಂದರೆ ಮನಸ್ಸು ಅರಳುವುದು. ನಲಿವು, ನಲಿದಾಟ ಹುಟ್ಟಿದ್ದು ಅದರಿಂದಲೇ. ಉಡುಪಿ, ಕಾರ್ಕಳದ ತುಳುವಿನಲ್ಲಿ ಅದೇ ಬೇರು ಕಾಲಿಗಿಳಿದಿದೆ. ಅಲ್ಲಿ ‘ನಲಿಪುನಿ’ ಎಂದರೆ ಕುಣಿಯುವುದು, ‘ನಲಿಕೆ’ ಎಂದರೆ ಕುಣಿತ. ಸಂತೋಷಕ್ಕೂ ಹೆಜ್ಜೆಗೂ ಒಂದೇ ಮಾತು ಸಾಲುತ್ತಿದ್ದ ಕಾಲದ ಗುರುತು ಇದೆಂದು ನನಗೆ ಅನ್ನಿಸುತ್ತದೆ.

ನಲಿಕೆ ಒಂದು ಸಮುದಾಯದ ಹೆಸರೂ ಹೌದು. ದೈವಗಳ ರೂಪ ತಾಳಿ ಕೋಲ ಕಟ್ಟುವವರಲ್ಲಿ ಇವರೂ ಇದ್ದಾರೆ. ಮಳೆ ಜಡಿಯುವ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಆಟಿ ಕಳಂಜನಾಗಿ ಮನೆಮನೆಗೆ ಬರುವವರು ಇವರೇ. ತಾಳೆಗರಿಯ ಕೊಡೆ ತಿರುಗಿಸುತ್ತಾ, ತೆಂಬರೆ ಎಂಬ ಚರ್ಮವಾದ್ಯದ ಬಡಿತಕ್ಕೆ ಹೆಜ್ಜೆ ಹಾಕಿ ಊರಿನ ಮಾರಿ ಕಳೆಯುತ್ತಾರೆ. ಅಕ್ಕಿ, ತೆಂಗಿನಕಾಯಿ, ಅರಿಸಿನ, ಮಸಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಕುಣಿತವನ್ನೇ ಹೆಸರಾಗಿ ಹೊತ್ತ ಈ ಜನರಿಗೆ ಊರು ಬಹುಕಾಲ ಅಂಗಳದಾಚೆಯ ಜಾಗವನ್ನಷ್ಟೇ ಕೊಟ್ಟಿತ್ತು. ಪದ ಬಳಸುವಾಗ ಆ ನೋವೂ ನೆನಪಿರಬೇಕು.

ಎಲ್ಲ ಕುಣಿತವೂ ನಲಿಕೆಯಲ್ಲ. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವುದು ಪಿಲಿಕೋಲ, ಅಂದರೆ ಹುಲಿಯ ಕೋಲ. ಕೋಲವೆಂದರೆ ರೂಪ, ಅಲಂಕಾರ. ತಮಿಳಿನ ‘ಕೋಲಂ’ ಇದರ ನಂಟ. ಅಲ್ಲಿ ಹುಲಿಯ ರೂಪ ತಾಳಿದವನು ದೈವ. ಕೃಷ್ಣಾಷ್ಟಮಿಗೆ ಉಡುಪಿಯ ಬೀದಿಗಿಳಿಯುವ ಹುಲಿಯಾದರೋ ಬರೀ ವೇಷ.