ವಿಟನ್‌ಬರ್ಗಿನ ಹೊರಗೋಡೆ

ಜರ್ಮನಿಯ ವಿಟನ್‌ಬರ್ಗ್ ನಗರದ ಸಂತ ಮರಿಯಳ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಧರ್ಮೋಪದೇಶ ಮಾಡುತ್ತಿದ್ದನು. ಅದರ ಹೊರಗೋಡೆಯ ಮೇಲ್ಭಾಗದಲ್ಲಿ, ಅವನ ಜನನಕ್ಕಿಂತ ಬಹುಕಾಲ ಮೊದಲೇ ಕೆತ್ತಲ್ಪಟ್ಟ ಒಂದು ಉಬ್ಬುಶಿಲ್ಪವಿದೆ. ಯಹೂದಿಗಳೆಂದು ಟೋಪಿಗಳಿಂದ ಗುರುತಿಸಬಹುದಾದವರು ಹೆಣ್ಣುಹಂದಿಯೊಂದರ ಮೊಲೆಯುಣ್ಣುತ್ತಿದ್ದಾರೆ; ಮತ್ತೊಬ್ಬನು ಅದರ ಬಾಲವನ್ನೆತ್ತಿ ಇಣುಕುತ್ತಿದ್ದಾನೆ. ಹಂದಿ ಯಹೂದಿ ಧರ್ಮದಲ್ಲಿ ನಿಷಿದ್ಧ ಪ್ರಾಣಿ. ಅವರು ಯಾವುದನ್ನು ಅಶುದ್ಧವೆಂದು ವರ್ಜಿಸಿದರೋ ಅದರೊಡನೆಯೇ ಅವರನ್ನು ಬೆಸೆದು ಅಪಮಾನಿಸುವುದು ಈ ಶಿಲ್ಪದ ಉದ್ದೇಶ.

ಪೂರ್ವಕಾಲದ ಎಷ್ಟೋ ಆಚಾರಗಳನ್ನು ಪ್ರಶ್ನಿಸಿದ ಲೂಥರ್ ಈ ಕಲ್ಲನ್ನು ಪ್ರಶ್ನಿಸಲಿಲ್ಲ. 1523ರಲ್ಲಿ ಯಹೂದಿಗಳನ್ನು ಸೌಹಾರ್ದದಿಂದ ಕಾಣಬೇಕೆಂದು ಬರೆದಿದ್ದ ಅವನೇ, ಅವರು ಮತಾಂತರಗೊಳ್ಳದಿದ್ದಾಗ ಕಠೋರನಾದನು. 1543ರಲ್ಲಿ ಅವರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದು ಬರೆದನು. ಅದೇ ವರ್ಷದ ಇನ್ನೊಂದು ಗ್ರಂಥದಲ್ಲಿ ಈ ಶಿಲ್ಪವನ್ನು ವರ್ಣಿಸಿ, ಬಾಲದಡಿ ಇಣುಕುವವನು ಯಹೂದಿ ಗುರುವೆಂದೂ, ಅವನು ನೋಡುತ್ತಿರುವುದು ತನ್ನ ಧರ್ಮಗ್ರಂಥವನ್ನೆಂದೂ ಪರಿಹಾಸ ಮಾಡಿದನು. ಅವನು ಗತಿಸಿ 24 ವರ್ಷಗಳಾದ ಮೇಲೆ, 1570ರಲ್ಲಿ, ಆ ಗ್ರಂಥದ ಶೀರ್ಷಿಕೆಯಿಂದಾಯ್ದ ಪದಗಳನ್ನು ಶಿಲ್ಪದ ಮೇಲೆ ಬರೆಯಿಸಲಾಯಿತು. ಯಹೂದಿ ಪರಂಪರೆಯಲ್ಲಿ ದೇವರ ಪರಮಪವಿತ್ರ ನಾಮವನ್ನು ಸೂಚಿಸುವ ಪದಗಳವು. ಹಳೆಯ ಅಪಮಾನಕ್ಕೆ ಹೀಗೆ ಆಚಾರ್ಯನ ಮುದ್ರೆ ಬಿದ್ದಿತು.

ದ್ವೇಷವು ಗೋಡೆಯ ಮೇಲೆಯೇ ನಿಲ್ಲಲಿಲ್ಲ. ನಾಜಿ ಆಳ್ವಿಕೆಯಲ್ಲಿ ಸುಮಾರು 60 ಲಕ್ಷ ಯಹೂದಿಗಳು ಹತರಾದರು. 1946ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ಪ್ರಚಾರಕ ಜೂಲಿಯಸ್ ಸ್ಟ್ರೈಕರ್ ಲೂಥರನ ಬರಹವನ್ನೇ ತನ್ನ ಸಮರ್ಥನೆಗೆ ಮುಂದೊಡ್ಡಿದನು. ನಾಲ್ಕು ಶತಮಾನಗಳ ಹಿಂದಿನ ಉಪದೇಶಕನ ಮಾತು ಕೊಲೆಗಡುಕರಿಗೆ ಆಸರೆಯಾಯಿತು.

1988ರಲ್ಲಿ ಆ ಶಿಲ್ಪದ ಕೆಳಗೆ ನೆಲದಲ್ಲಿ, ಹತರಾದವರನ್ನು ಸ್ಮರಿಸುವ ಫಲಕವೊಂದನ್ನು ಅಳವಡಿಸಲಾಯಿತು. ಶಿಲ್ಪವನ್ನು ತೆಗೆಯಬೇಕೆಂದು ಯಹೂದಿ ನಾಗರಿಕರೊಬ್ಬರು ಹೂಡಿದ ದಾವೆಯಲ್ಲಿ, ಫಲಕ ಹಾಗೂ ವಿವರಣೆಯ ಮೂಲಕ ಅದು ಎಚ್ಚರಿಕೆಯ ಸ್ಮಾರಕವಾಗಿದೆಯೆಂದು ಜರ್ಮನಿಯ ಉನ್ನತ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿತು. ತೆಗೆದರೆ ಇತಿಹಾಸ ಮರೆಯಾಗುವುದೆಂಬ ಭಯ ಒಂದು ಕಡೆ. ಉಳಿದರೆ ಅಪಮಾನ ದಿನವೂ ಮುಂದುವರಿಯುವುದೆಂಬ ನೋವು ಇನ್ನೊಂದು ಕಡೆ. ಎರಡೂ ಅಲ್ಲಗಳೆಯಲಾಗದವು.

ಪೂಜಾಸ್ಥಳವನ್ನು ಪರಂಪರೆಯಾಗಿ ಪಡೆದವರು ಅದರ ಗೋಡೆಯ ಮೇಲಿರುವುದಕ್ಕೂ ಉತ್ತರವಾದಿಗಳು. ಕೆತ್ತಿದವರು ಪೂರ್ವಿಕರೆಂಬ ಸಮಾಧಾನ ಸಾಲದು. ಲೂಥರನೂ ಅದನ್ನು ಕೆತ್ತಿರಲಿಲ್ಲ. ಕಂಡು, ಮೆಚ್ಚಿ, ವ್ಯಾಖ್ಯಾನಿಸಿದನಷ್ಟೆ.