ವೈಫೈ ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕೇ? ಮನೆ, ಸಣ್ಣ ಕಚೇರಿಯ ಫೈರ್‌ವಾಲ್ ಬಗ್ಗೆ ತಿಳಿದಿರಬೇಕಾದದ್ದು

"ವೈಫೈಗೆ ಕಷ್ಟದ ಪಾಸ್‌ವರ್ಡ್ ಇಡಿ, ಯಾವ ಹ್ಯಾಕರ್ ಕೂಡ ಒಳಗೆ ಬರಲಾರ" ಎಂಬರ್ಥದ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸುತ್ತವೆ. ಇದು ಅರ್ಧ ಸತ್ಯ ಮಾತ್ರ. ವೈಫೈ ಪಾಸ್‌ವರ್ಡ್ ತಡೆಯುವುದು ನಿಮ್ಮ ಅಕ್ಕಪಕ್ಕದಲ್ಲಿ ಇರುವವರನ್ನು. ಇಂಟರ್‌ನೆಟ್ ಕಡೆಯಿಂದ ಬರುವವರಿಗೆ ಅದು ಅಡ್ಡಿಯೇ ಅಲ್ಲ. ಅಲ್ಲಿ ಕೆಲಸ ಮಾಡುವುದು ಫೈರ್‌ವಾಲ್ ಮತ್ತು ರೂಟರಿನ ಇನ್ನೊಂದು ಪಾಸ್‌ವರ್ಡ್.

2017ರಲ್ಲಿ ಕರ್ನಾಟಕದಲ್ಲಿ ಆದದ್ದೇನು?

2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೆಯಿತು. ಸುಮಾರು 60,000 ಮೋಡೆಮ್‌ಗಳು ಕೆಲಸ ನಿಲ್ಲಿಸಿದವು ಎಂದು ಆಗ ಪತ್ರಿಕೆಗಳು ವರದಿ ಮಾಡಿದ್ದವು. ಕರ್ನಾಟಕದ ಗ್ರಾಹಕರಿಗೂ ಇದರ ಬಿಸಿ ತಟ್ಟಿತ್ತು. ತುತ್ತಾದವುಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಬಂದ 'ಅಡ್ಮಿನ್' ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಎಂದು ಕಂಪನಿ ಗ್ರಾಹಕರಿಗೆ ಸೂಚಿಸಿತು. ಇಲ್ಲಿ ಬದಲಿಸಬೇಕಿದ್ದದ್ದು ವೈಫೈ ಪಾಸ್‌ವರ್ಡ್ ಅಲ್ಲ, ಮೋಡೆಮ್ ಸೆಟ್ಟಿಂಗ್ ಪುಟದ ಪಾಸ್‌ವರ್ಡ್.

ಫೈರ್‌ವಾಲ್ ಹೇಗೆ ಕೆಲಸ ಮಾಡುತ್ತದೆ?

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾಲ್ಕು ಕಂಪ್ಯೂಟರಿನ ಲೆಕ್ಕಪತ್ರ ಕಚೇರಿ ಇದೆ ಎಂದುಕೊಳ್ಳಿ. ಹೊರಗಿನ ಜಗತ್ತಿಗೆ ಕಾಣುವುದು ರೂಟರಿನ ಒಂದೇ ವಿಳಾಸ. ಒಳಗಿನ ಪ್ರತಿ ಕಂಪ್ಯೂಟರಿಗೂ ರೂಟರ್ ಪ್ರತ್ಯೇಕ ವಿಳಾಸ ಕೊಡುತ್ತದೆ. ಅದು ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ.

ಫೈರ್‌ವಾಲ್ ಎಂದರೆ ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂತ ಕಾವಲುಗಾರ. ಒಳಗಿನವರು ಯಾವ ವೆಬ್‌ಸೈಟನ್ನು ಕೇಳಿದರು ಎಂದು ಆತ ಬರೆದಿಟ್ಟುಕೊಳ್ಳುತ್ತಾನೆ. ಅದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತಾನೆ. ಯಾರೂ ಕರೆಯದೆ ಬಂದವರನ್ನು ಹೊರಗೇ ನಿಲ್ಲಿಸುತ್ತಾನೆ. ಇಂದಿನ ಬಹುತೇಕ ರೂಟರ್‌ಗಳಲ್ಲಿ ಈ ವ್ಯವಸ್ಥೆ ಮೊದಲೇ ಇರುತ್ತದೆ. ಹಾಗಾಗಿ ಮನೆಗೋ ಸಣ್ಣ ಕಚೇರಿಗೋ ಬೇರೆ ಫೈರ್‌ವಾಲ್ ಕೊಳ್ಳುವ ಮೊದಲು ಇರುವುದನ್ನು ಸರಿಯಾಗಿ ಬಳಸಬೇಕು.

ಹಾಗಾದರೆ ಬಾಗಿಲು ತೆರೆಯುವವರು ಯಾರು?

ಹೆಚ್ಚಿನ ಸಲ ನಾವೇ. ಭದ್ರಾವತಿಯ ಅಂಗಡಿಯ ಸಿಸಿಟಿವಿಯನ್ನು ಊರಾಚೆ ಇದ್ದಾಗ ಮೊಬೈಲಿನಲ್ಲಿ ನೋಡಬೇಕು, ಕಚೇರಿಯ ಕಂಪ್ಯೂಟರನ್ನು ಮನೆಯಿಂದ ತೆರೆಯಬೇಕು ಎಂದು ರೂಟರಿನಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮಾಡಿಸುತ್ತೇವೆ. ಪೋರ್ಟ್ ಎಂದರೆ ಒಂದೊಂದು ಸೇವೆಗೂ ಇರುವ ನಂಬರಿನ ಬಾಗಿಲು. ಸುರಕ್ಷಿತ ವೆಬ್‌ಸೈಟ್‌ಗಳಿಗೆ 443, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿಗೆ 3389. ತೆರೆದಿಟ್ಟ ಬಾಗಿಲು ನಿಮಗೆ ಮಾತ್ರವಲ್ಲ, ಇಡೀ ಜಗತ್ತಿಗೆ ತೆರೆದಿರುತ್ತದೆ. ಇಂಥ ಬಾಗಿಲುಗಳನ್ನು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ನುಗ್ಗುವ ದಾರಿಗಳಲ್ಲಿ ತೆರೆದ 3389 ಕೂಡ ಒಂದು. ವರ್ಷಗಟ್ಟಲೆಯ ಜಿಎಸ್‌ಟಿ ಲೆಕ್ಕ ಒಂದೇ ರಾತ್ರಿಯಲ್ಲಿ ಕೈತಪ್ಪಬಹುದು.

ರಾತ್ರಿ ರೂಟರ್ ಆಫ್ ಮಾಡಿದರೆ ಸಾಕೇ?

ಸಾಲದು. 2016ರಲ್ಲಿ ಹರಡಿದ 'ಮಿರಾಯ್' ಎಂಬ ಮಾಲ್‌ವೇರ್ ಸುಮಾರು 60 ಮಾಮೂಲಿ ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸಿ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಅದು ಅಳಿಸಿಹೋಗುತ್ತಿತ್ತು ನಿಜ. ಆದರೆ ಪಾಸ್‌ವರ್ಡ್ ಹಳೆಯದೇ ಆಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಸೇರಿಕೊಳ್ಳುತ್ತಿತ್ತು.

ನೀವು ಮಾಡಬೇಕಾದದ್ದು

1. ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿ ನೋಡಿ. ಅದರಲ್ಲಿರುವ ವಿಳಾಸವನ್ನು (ಹೆಚ್ಚಾಗಿ 192.168.1.1) ಬ್ರೌಸರಿನಲ್ಲಿ ಹಾಕಿ ಸೆಟ್ಟಿಂಗ್ ಪುಟ ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಅದು ಗೊತ್ತಿಲ್ಲದಿದ್ದರೆ ಕನೆಕ್ಷನ್ ಕೊಟ್ಟವರನ್ನು ಕೇಳಿ.

2. ಫೈರ್‌ವಾಲ್ ಆನ್ ಇದೆಯೇ ನೋಡಿ. 'ರಿಮೋಟ್ ಮ್ಯಾನೇಜ್‌ಮೆಂಟ್' ಮತ್ತು 'ಯುಪಿಎನ್‌ಪಿ' ಬೇಡವಾದರೆ ಆಫ್ ಮಾಡಿ.

3. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಬೇಡದ್ದನ್ನು ತೆಗೆಯಿರಿ. ಹೊರಗಿನಿಂದ ಕಚೇರಿ ಕಂಪ್ಯೂಟರ್ ಬೇಕೇ ಬೇಕಾದರೆ ವಿಪಿಎನ್ ಹಾಕಿಸಿ.

4. ಗ್ರಾಹಕರಿಗೆ, ಟಿವಿ ಮತ್ತು ಕ್ಯಾಮೆರಾಗಳಿಗೆ 'ಗೆಸ್ಟ್' ವೈಫೈ ಕೊಡಿ. ಲೆಕ್ಕದ ಕಂಪ್ಯೂಟರ್ ಬೇರೆ ಇರಲಿ.

5. ಸಿಸಿಟಿವಿ ಪೆಟ್ಟಿಗೆಯ ಪಾಸ್‌ವರ್ಡನ್ನೂ ಬದಲಿಸಿ. ಎಲ್ಲ ಉಪಕರಣಗಳ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ.

ಒಂದು ಎಚ್ಚರಿಕೆ: ರೀಸೆಟ್ ಗುಂಡಿಯನ್ನು ಸುಮ್ಮನೆ ಒತ್ತಬೇಡಿ. ಕನೆಕ್ಷನ್ ಸೆಟ್ಟಿಂಗ್ ಅಳಿಸಿ ಇಂಟರ್‌ನೆಟ್ ನಿಲ್ಲಬಹುದು, ಹಳೆಯ ಪಾಸ್‌ವರ್ಡ್ ಕೂಡ ವಾಪಸ್ ಬರುತ್ತದೆ.

ಫೈರ್‌ವಾಲ್ ತಡೆಯದ್ದು ಯಾವುದು?

ನೀವೇ ಒಳಗೆ ಕರೆದುಕೊಂಡದ್ದನ್ನು. ಮದುವೆ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲನ್ನು ಒತ್ತಿದರೆ, ಓಟಿಪಿ ಹೇಳಿದರೆ ಕಾವಲುಗಾರ ಏನೂ ಮಾಡಲಾರ. ಅದಕ್ಕೇ ಮುಖ್ಯ ಕಡತಗಳ ಒಂದು ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ಕಂಪ್ಯೂಟರಿನಿಂದ ಬಿಚ್ಚಿಡಿ. ಹಣ ಕಳೆದುಕೊಂಡರೆ ತಡಮಾಡದೆ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ, ವೈಫೈ ಪಾಸ್‌ವರ್ಡ್ ಬೇಕು, ಆದರೆ ಅದೊಂದೇ ಸಾಲದು. ಇದನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.